ಗಂಜಿಯೂ ಕಬ್ಬಿಣವೂ



ಗೌರೀಬಿದನೂರು ತಾಲ್ಲೂಕಿನ ಕುಡುಮಲಕುಂಟೆಯೆಂದೊಡನೆ ಈಗ ಹಲವರಿಗೆ ನೆನಪಾಗುವುದು ಅಲ್ಲಿಯ ಕೈಗಾರಿಕಾ ಪ್ರದೇಶ. ಆದರೆ ಆ ಸೀಮೆಯ ರೈತನನ್ನು ಕೇಳಿದರೆ ಅವನು ಮೊದಲು ಹೇಳುವುದು ಕಾರ್ಖಾನೆಯ ಮಾತನ್ನಲ್ಲ, ಮುಸುಕಿನ ಜೋಳದ ಮಾತನ್ನು. ಬಾರೋ ತಿಂಗಳು ಹರಿಯುವ ಹೊಳೆಯಿಲ್ಲದ ನಾಡು. ಉತ್ತರಪಿನಾಕಿನಿಯೂ ಅಲ್ಲಿ ಬಹುಕಾಲ ಮರಳಾಗಿಯೇ ಇರುವುದು. ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿ ಬೆಳೆದ ಜೋಳವು ಸುಗ್ಗಿಯಲ್ಲಿ ಕಣದಲ್ಲಿಯೂ, ಕಣ ಸಾಲದಾದಾಗ ಮನೆಯ ಮುಂದಿನ ದಾರಿಯಲ್ಲಿಯೂ ಹೊಂಬಣ್ಣವಾಗಿ ಹರಡಿಕೊಂಡಿರುತ್ತದೆ. ಅದು ಕೋಳಿಯ ಆಹಾರವಾಗುವುದೆಂದು ಎಲ್ಲರೂ ಬಲ್ಲರು. ಅದರ ಪಿಷ್ಟವು ಬಟ್ಟೆಗೂ ಕಾಗದಕ್ಕೂ ಸೇರುವುದೆಂಬುದನ್ನು ಕೆಲವರು ಬಲ್ಲರು. ಅದೇ ಪಿಷ್ಟವು ಕಬ್ಬಿಣದ ಅದುರನ್ನು ಶುದ್ಧಿಮಾಡುವುದಕ್ಕೂ ಬೇಕೆಂದರೆ ನಂಬುವವರು ಬಹಳ ಮಂದಿ ಇರಲಾರರು. ಕುಡುಮಲಕುಂಟೆಯ ನೆಲದಲ್ಲಿ ಕಬ್ಬಿಣದ ಗಣಿಯಿಲ್ಲ. ಅದು ಕಗ್ಗಲ್ಲಿನ ಸೀಮೆ. ಆದರೂ ಅಲ್ಲಿಯ ಹೊಲದ ಕಾಳಿಗೂ ಬಳ್ಳಾರಿಯ ಬೆಟ್ಟದ ಕಲ್ಲಿಗೂ ನಂಟುಂಟು. ಆ ನಂಟು ಯಾವ ಬಗೆಯದೆಂಬುದೇ ಈ ಹೊತ್ತಿನ ವಿಷಯ.

ಮೊದಲು ಅದುರಿನ ಮಾತು. ಕಬ್ಬಿಣವು ಭೂಮಿಯಲ್ಲಿ ಕಬ್ಬಿಣವಾಗಿಯೇ ಸಿಕ್ಕುವುದು ಅತಿ ವಿರಳ. ಅದು ಆಮ್ಲಜನಕದೊಡನೆ ಕೂಡಿಕೊಂಡು ಹೆಮಟೈಟ್, ಮ್ಯಾಗ್ನಟೈಟ್ ಎಂಬ ಖನಿಜಗಳಾಗಿರುವುದು. ಅಪ್ಪಟ ಹೆಮಟೈಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಕಬ್ಬಿಣ. ಆದರೆ ಬೆಟ್ಟದಲ್ಲಿ ಅದು ಅಪ್ಪಟವಾಗಿರುವುದಿಲ್ಲ. ಬೆಣಚುಕಲ್ಲು ಎಂದರೆ ಸಿಲಿಕವೂ, ಜೇಡಿಯ ರೂಪದಲ್ಲಿ ಅಲ್ಯೂಮಿನವೂ ಅದರೊಡನೆ ಬೆರೆತಿರುವುವು. ಇವು ಕುಲುಮೆಗೆ ಹೋದರೆ ಇವನ್ನು ಕರಗಿಸಿ ಕಿಟ್ಟವನ್ನಾಗಿ ಹೊರಗೆ ಹಾಕುವುದಕ್ಕೆ ಸುಣ್ಣಕಲ್ಲೂ ಬೇಕು, ಹೆಚ್ಚಿನ ಕೋಕ್ ಕಲ್ಲಿದ್ದಲೂ ಬೇಕು. ಮಣ್ಣನ್ನು ಬೇಯಿಸುವುದಕ್ಕೆ ಸೌದೆ ಸುಟ್ಟಂತೆ. ಬೇಯಿಸುವ ಮೊದಲೇ ಅಕ್ಕಿಯಲ್ಲಿನ ಕಲ್ಲನ್ನು ಆರಿಸುವುದು ಮೇಲಲ್ಲವೇ?

ನಮ್ಮ ನಾಡಿನಲ್ಲಿ ಮೊದಲು ಈ ಆರಿಸುವ ಕೆಲಸ ಅಷ್ಟಾಗಿ ಬೇಕಾಗಲಿಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕೆಲಸವನ್ನಾರಂಭಿಸಿದಾಗ ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದುರು ಬರುತ್ತಿದ್ದಿತು. ಮಲೆನಾಡಿನ ಕಾಡಿನಿಂದ ಇದ್ದಲು ಬರುತ್ತಿದ್ದಿತು. ಬಳ್ಳಾರಿ ಸೊಂಡೂರುಗಳ ಬೆಟ್ಟಗಳಲ್ಲಿಯೂ ಒಳ್ಳೆಯ ಅದುರು ಮೇಲ್ಗಡೆಯೇ ಇದ್ದಿತು. ಒಳ್ಳೆಯದನ್ನು ಮೊದಲು ತೆಗೆದು, ಉಳಿದುದನ್ನು ಬದಿಗೆ ಒಟ್ಟಿದುದು ಎಲ್ಲ ಗಣಿಗಳ ಚರಿತ್ರೆ. ಆದರೆ ಬದಿಗೊಟ್ಟಿದ ರಾಶಿಯೂ ಎಣಿಕೆಗೆ ಬರುವ ಕಾಲ ಬಂದಿತು. 2009ರಲ್ಲಿ ಭಾರತೀಯ ಗಣಿ ಬ್ಯೂರೋ ಹೆಮಟೈಟ್ ಅದುರಿನ ಕನಿಷ್ಠ ಗಣನೆಯನ್ನು ಶೇಕಡ 55ರಿಂದ 45ಕ್ಕೆ ಇಳಿಸಿತು. ಅದಕ್ಕಿಂತ ಮೇಲ್ಪಟ್ಟುದನ್ನು ಇನ್ನು ಕಸವೆಂದು ಎಣಿಸಕೂಡದೆಂದು ಇದರ ಅರ್ಥ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದ ಮೇಲಂತೂ, ಹೊಸ ಬೆಟ್ಟವನ್ನು ಅಗೆಯುವುದಕ್ಕೆ ಬದಲಾಗಿ ಅಗೆದಿಟ್ಟ ಬಡ ಅದುರನ್ನೇ ತೊಳೆದು ಬಳಸಬಹುದೇ ಎಂಬ ಪ್ರಶ್ನೆ ಪಂಡಿತರ ಕೊಠಡಿಯಿಂದ ಬೀದಿಗೆ ಬಂದಿತು.

ಬಡ ಅದುರನ್ನೇ ನೆಚ್ಚಿ ನಡೆದ ಒಂದು ದೊಡ್ಡ ಪ್ರಯತ್ನ ಇದಕ್ಕೆ ಬಹು ಮುಂಚೆಯೇ ನಮ್ಮಲ್ಲಿ ಆಗಿದ್ದಿತು. ಕುದುರೆಮುಖದ ಬಳಿಯ ಅದುರನ್ನು 1913ರಲ್ಲಿ ಗುರುತಿಸಿದವರು ಭೂವಿಜ್ಞಾನಿ ಸಂಪತ್ ಅಯ್ಯಂಗಾರರು. ಅದರಲ್ಲಿ ಕಬ್ಬಿಣ ನೂರಕ್ಕೆ 38ರ ಸುಮಾರು ಮಾತ್ರ. ಅದನ್ನು ಪುಡಿಮಾಡಿ, ಅಯಸ್ಕಾಂತದಿಂದಲೂ ನೀರಿನ ಸುರುಳಿ ದೋಣಿಗಳಿಂದಲೂ ಬೇರ್ಪಡಿಸಿ, ಉಳಿದ ಸಿಲಿಕವನ್ನು ಇನ್ನಷ್ಟು ಇಳಿಸುವುದಕ್ಕೆ ನೊರೆಯಲ್ಲಿ ತೇಲಿಸುವ ವಿಧಾನವನ್ನೂ ಸೇರಿಸಿ, ಕೆಸರನ್ನು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಆ ಗಣಿಗಾರಿಕೆಯು ನ್ಯಾಯಾಲಯದ ಆಜ್ಞೆಯಂತೆ 2005ನೆಯ ಇಸವಿ ಡಿಸೆಂಬರಿನ ಕೊನೆಗೆ ನಿಂತಿತು. ಅದರ ಮಾತಿಗೆ ಮುಂದೆ ಮತ್ತೆ ಬರಬೇಕಾಗುವುದು.

ಈಗ ತೇಲಿಸುವ ವಿಧಾನವೆಂದರೇನು? ಹೆಮಟೈಟ್ ನೀರಿಗಿಂತ ಐದು ಪಟ್ಟಿಗೂ ಹೆಚ್ಚು ತೂಕದ ವಸ್ತು. ಬೆಣಚು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಕಾಳುಗಳು ದಪ್ಪನಾಗಿದ್ದರೆ ಮೊರದಲ್ಲಿ ಕೇರಿದಂತೆ ನೀರಿನಲ್ಲಿ ಜಾಲಿಸಿ ಭಾರವಾದುದನ್ನು ಉಳಿಸಿಕೊಳ್ಳಬಹುದು. ಆದರೆ ಬಡ ಅದುರಿನಲ್ಲಿ ಎರಡೂ ಎಷ್ಟು ಸಣ್ಣದಾಗಿ ಹೆಣೆದುಕೊಂಡಿರುವುವೆಂದರೆ, ಬಿಡಿಸಬೇಕಾದರೆ ಮೈದಾಹಿಟ್ಟಿನಂತೆ ಅರೆಯಬೇಕು. ಅಷ್ಟು ನಯವಾದ ಮೇಲೆ ತೂಕದ ಭೇದ ನಡೆಯುವುದಿಲ್ಲ, ಎಲ್ಲವೂ ಕೆಸರೇ. ಆಗ ತೂಕವನ್ನು ಬಿಟ್ಟು ಮೈಯ ಸ್ವಭಾವವನ್ನು ಹಿಡಿಯಬೇಕು. ಮಜ್ಜಿಗೆಯನ್ನು ಕಡೆಯುವಾಗ ಬೆಣ್ಣೆಯ ಕಣಗಳು ನೊರೆಯೊಡನೆ ಮೇಲಕ್ಕೆ ಬಂದು ಸೇರುವುದನ್ನು ನಮ್ಮ ಹೆಂಗಸರೆಲ್ಲರೂ ಕಂಡಿದ್ದಾರೆ. ನೀರನ್ನು ಒಲ್ಲದ ಕಣವು ಗಾಳಿಯ ಗುಳ್ಳೆಗೆ ಅಂಟಿಕೊಳ್ಳುವುದು. ನೀರಿಗೆ ಒಲಿದ ಕಣವು ನೀರಿನಲ್ಲಿಯೇ ಉಳಿಯುವುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆಸ್ಟ್ರೇಲಿಯದ ಬ್ರೋಕನ್ ಹಿಲ್ ಎಂಬಲ್ಲಿ ಸತುವಿನ ಅದುರಿಗಾಗಿ ಈ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಉಪಯೋಗಿಸಿದರು. ಅಲ್ಲಿಂದೀಚೆಗೆ ತಾಮ್ರ, ಸೀಸ ಮುಂತಾದವುಗಳ ಅದುರನ್ನೆಲ್ಲ ಬಹುಮಟ್ಟಿಗೆ ಹೀಗೆಯೇ ನೊರೆಯಲ್ಲಿ ಎತ್ತುತ್ತಾರೆ.

ಕಬ್ಬಿಣದ ವಿಷಯದಲ್ಲಿ ಒಂದು ತಲೆಕೆಳಗಿನ ಯುಕ್ತಿಯುಂಟು. ಬೇಕಾದ ಕಬ್ಬಿಣವನ್ನು ತೇಲಿಸುವುದಕ್ಕೆ ಬದಲಾಗಿ ಬೇಡವಾದ ಬೆಣಚನ್ನು ತೇಲಿಸಿ, ಕಬ್ಬಿಣವನ್ನು ತೊಟ್ಟಿಯ ತಳದಲ್ಲಿ ಉಳಿಸಿಕೊಳ್ಳುವುದು. ಹಿಮ್ಮುಖ ತೇಲಿಕೆಯೆಂದು ಇದನ್ನು ಕರೆಯಬಹುದು. ಇದಕ್ಕೆ ಬಳಸುವ ಮುಖ್ಯ ದ್ರವ್ಯ ಅಮೀನ್. ಸಾಬೂನಿನ ಅಣುವಿನಂತೆ ಇದಕ್ಕೂ ಒಂದು ತಲೆ, ಒಂದು ಬಾಲ. ಬಾಲವು ಎಣ್ಣೆಯ ಜಾತಿಯದು, ನೀರೆಂದರೆ ಆಗದು. ತಲೆಯು ಧನ ವಿದ್ಯುತ್ತನ್ನು ಹೊತ್ತುದು. ನೀರಿನಲ್ಲಿರುವ ಬೆಣಚಿನ ಮೈಯ ಮೇಲೆ ಋಣ ವಿದ್ಯುತ್ತು ಇರುವುದರಿಂದ ತಲೆಯು ಅದಕ್ಕೆ ಹತ್ತಿಕೊಂಡು, ಬಾಲವು ಹೊರಕ್ಕೆ ಚಾಚಿಕೊಳ್ಳುವುದು. ಬೆಣಚಿನ ಕಣಕ್ಕೆ ಎಣ್ಣೆಯ ಅಂಗಿ ತೊಡಿಸಿದಂತಾಯಿತು. ಗಾಳಿಯನ್ನೂದಿದರೆ ಅದು ಗುಳ್ಳೆಯನ್ನು ಹಿಡಿದು ಮೇಲೇರುವುದು.

ತೊಡಕಿರುವುದು ಇಲ್ಲಿಯೇ. ಈ ಕ್ರಿಯೆ ಚೆನ್ನಾಗಿ ನಡೆಯುವುದು ಕ್ಷಾರವಾದ ನೀರಿನಲ್ಲಿ, ಪಿ-ಎಚ್ ಅಳತೆಯಲ್ಲಿ 10ರ ಸುಮಾರಿನಲ್ಲಿ. ಆ ನೀರಿನಲ್ಲಿ ಹೆಮಟೈಟಿನ ಮೈಯೂ ಋಣವಾಗಿಬಿಡುವುದು. ಅಮೀನಿಗೆ ಕಣ್ಣಿಲ್ಲ; ಋಣವೆಂದರೆ ಸರಿ, ಬೆಣಚಾದರೇನು, ಕಬ್ಬಿಣವಾದರೇನು, ಹೋಗಿ ಹತ್ತಿಕೊಳ್ಳುವುದು. ಕಸವನ್ನು ಹೊರಹಾಕಹೋಗಿ ಕಾಳನ್ನೂ ಚೆಲ್ಲಿದಂತಾಗುವುದು. ಕಬ್ಬಿಣವನ್ನು ಮೊದಲೇ ಯಾವುದಾದರೊಂದು ಹೊದಿಕೆಯಿಂದ ಮುಚ್ಚಿ, ಅಮೀನಿಗೆ ಎಡೆಯಿಲ್ಲದಂತೆ ಮಾಡಬೇಕು. ಆ ಹೊದಿಕೆಯೇ ಪಿಷ್ಟ.

ಪಿಷ್ಟವು ಒಂದು ಪಾಲಿಮರ್. ಪಾಲಿಮರ್ ಎಂದರೆ ಸಣ್ಣ ಸಣ್ಣ ಅಣುಗಳು ಕೊಂಡಿಕೊಂಡಿಯಾಗಿ ಸೇರಿ ಆದ ಉದ್ದನೆಯ ಸರಪಳಿ. ಪ್ಲಾಸ್ಟಿಕ್ ಎಂಬ ಹೆಸರಿನಿಂದ ನಮಗೆ ಪರಿಚಿತವಾದುವು ಮನುಷ್ಯನು ಮಾಡಿದ ಪಾಲಿಮರುಗಳು. ಗಿಡಮರಗಳು ಅವನಿಗಿಂತ ಬಹು ಹಿಂದೆಯೇ ಈ ವಿದ್ಯೆಯನ್ನು ಬಲ್ಲುವು. ಪಿಷ್ಟದ ಕೊಂಡಿ ಗ್ಲೂಕೋಸ್ ಎಂಬ ಸಕ್ಕರೆ. ಮುಸುಕಿನ ಜೋಳದ ಪಿಷ್ಟದಲ್ಲಿ ಕಾಲು ಭಾಗದಷ್ಟು ನೇರವಾದ ಸರಪಳಿ, ಅದಕ್ಕೆ ಅಮೈಲೋಸ್ ಎಂದು ಹೆಸರು. ಉಳಿದುದು ಆಲದ ಮರದಂತೆ ಕೊಂಬೆಯೊಡೆದ ಅಮೈಲೋಪೆಕ್ಟಿನ್. ಪ್ರತಿಯೊಂದು ಕೊಂಡಿಯ ಮೈಯಲ್ಲಿಯೂ ಆಮ್ಲಜನಕ ಜಲಜನಕಗಳ ಜೋಡಿಗಳು ಕೈಗಳಂತೆ ಚಾಚಿಕೊಂಡಿರುವುವು. ಈ ಕೈಗಳು ಹೆಮಟೈಟಿನ ಮೈಮೇಲಿನ ಕಬ್ಬಿಣದ ಪರಮಾಣುಗಳನ್ನು ಹಿಡಿಯುವಷ್ಟು ಗಟ್ಟಿಯಾಗಿ ಬೆಣಚಿನ ಮೈಯನ್ನು ಹಿಡಿಯಲಾರವು. ಒಂದೊಂದು ಹಿಡಿತವೂ ದುರ್ಬಲವೇ ಸರಿ. ಆದರೆ ಒಂದೇ ಸರಪಳಿಗೆ ಸಾವಿರಾರು ಕೈಗಳು. ಒಂದು ಬಿಟ್ಟರೆ ಇನ್ನೊಂದು ಹಿಡಿದಿರುವುದು. ಆದುದರಿಂದ ಒಮ್ಮೆ ಹೊದ್ದ ಹೊದಿಕೆ ಸುಲಭವಾಗಿ ಕಳಚುವುದಿಲ್ಲ. ಪಿಷ್ಟವು ನೀರನ್ನು ಪ್ರೀತಿಸುವ ವಸ್ತುವಾದ ಕಾರಣ, ಅದನ್ನು ಹೊದ್ದ ಕಬ್ಬಿಣದ ಕಣವೂ ನೀರಿನಲ್ಲಿಯೇ ನಿಲ್ಲುವುದು. ಎಣ್ಣೆಯಂಗಿ ತೊಟ್ಟ ಬೆಣಚು ನೊರೆಯೊಡನೆ ಹೊರಗೆ ಹೋಗುವುದು.

ಹಸಿಯ ಪಿಷ್ಟದಿಂದ ಈ ಕೆಲಸವಾಗದು. ಜೋಳದ ಹಿಟ್ಟನ್ನು ತಣ್ಣೀರಿಗೆ ಹಾಕಿದರೆ ಅದು ತಳಕ್ಕಿಳಿದು ಕೂರುವುದಷ್ಟೆ. ಸರಪಳಿಗಳೆಲ್ಲವೂ ಪಿಷ್ಟದ ಕಾಳಿನೊಳಗೆ ಸುತ್ತಿಟ್ಟ ನೂಲಿನ ಉಂಡೆಯಂತೆ ಬಿಗಿದಿರುವುವು. ಬಿಸಿಯಿಂದ ಅಥವಾ ದಾಹಕ ಸೋಡಾದಿಂದ ಅದನ್ನು ಬಿಚ್ಚಬೇಕು. ಬೆಳ್ಳಗಿದ್ದ ನೀರು ಇದ್ದಕ್ಕಿದ್ದಂತೆ ತಿಳಿಯಾಗಿ ಮಂದವಾಗುವ ಆ ಗಳಿಗೆಯನ್ನು ಬಟ್ಟೆಗೆ ಗಂಜಿ ಕಾಯಿಸಿದವರೆಲ್ಲರೂ ಬಲ್ಲರು. ಗಂಜಿಯು ಅಂಗಿಯನ್ನು ಸೆಟೆಸುವುದಕ್ಕೂ ಕಬ್ಬಿಣವನ್ನು ಹಿಡಿಯುವುದಕ್ಕೂ ಕಾರಣ ಒಂದೇ: ಬಿಚ್ಚಿಕೊಂಡ ಸರಪಳಿ. ಜೋಳದ ಪಿಷ್ಟದಲ್ಲಿ ಎಣ್ಣೆಯ ಅಂಶ ಉಳಿದಿದ್ದರೆ ಅದು ನೊರೆಯನ್ನು ಕೊಂದುಬಿಡುವುದು. ಹಾಲು ಉಕ್ಕಿಬರುವಾಗ ಪಾತ್ರೆಯ ಅಂಚಿಗೆ ಬೆಣ್ಣೆ ಸವರುವ ಉಪಾಯವನ್ನು ಇಲ್ಲಿ ನೆನೆಯಬಹುದು. ಆದುದರಿಂದ ಮೊಳಕೆಯ ಭಾಗವನ್ನು ಬೇರ್ಪಡಿಸಿ, ಎಣ್ಣೆ ಕಡಿಮೆಯಿರುವ ಪಿಷ್ಟವನ್ನೇ ಗಣಿಯವರು ಕೇಳುತ್ತಾರೆ.

ಎಷ್ಟು ಬೇಕು? ಅದುರನ್ನು ನೋಡಿ ಹೆಚ್ಚು ಕಡಮೆಯಾಗುವುದು. ಸಾಮಾನ್ಯವಾಗಿ ಒಂದು ಟನ್ನಿಗೆ ಕೆಲವು ನೂರು ಗ್ರಾಂ. ಐನೂರು ಗ್ರಾಂ ಎಂದೇ ಇಟ್ಟುಕೊಳ್ಳೋಣ. ಸಣ್ಣ ಸಂಸಾರದ ಒಂದು ಹೊತ್ತಿನ ಮುದ್ದೆಯ ಹಿಟ್ಟು ಹತ್ತು ಕ್ವಿಂಟಾಲ್ ಕಲ್ಲನ್ನು ಕಾಯುವುದು ಆಶ್ಚರ್ಯವೇ. ಆದರೆ ಹನಿಗೂಡಿದರೆ ಹಳ್ಳ: ಒಂದು ಕೋಟಿ ಟನ್ ಅದುರಿಗೆ ಐದು ಸಾವಿರ ಟನ್ ಪಿಷ್ಟವಾಯಿತು. ಜೋಳದ ಕಾಳಿನಲ್ಲಿ ಪಿಷ್ಟವು ನೂರಕ್ಕೆ 70ರ ಸುಮಾರು ಇರುವುದರಿಂದ, ಏಳು ಸಾವಿರ ಟನ್ನಿಗೆ ಮೇಲ್ಪಟ್ಟು ಜೋಳ. ಉಣ್ಣುವ ಧಾನ್ಯವನ್ನು ಕಲ್ಲಿಗೆ ಉಣಿಸಬಹುದೇ ಎಂದು ಕೇಳುವವರಿಗೆ ನನ್ನಲ್ಲಿ ಸಿದ್ಧವಾದ ಉತ್ತರವಿಲ್ಲ. ಮೈಸೂರು ಸೀಮೆಯಲ್ಲಿ ಮುಸುಕಿನ ಜೋಳವು ಬಹುಮಟ್ಟಿಗೆ ಮಾರುಕಟ್ಟೆಗಾಗಿಯೇ ಬೆಳೆದ ಬೆಳೆಯೆಂಬುದನ್ನು ಮಾತ್ರ ನೆನಪು ಮಾಡುವೆನು. ಮರಗೆಣಸಿನ ಪಿಷ್ಟವೂ ಈ ಕೆಲಸಕ್ಕಾಗುವುದು. ನಾವು ಪಲ್ಯಕ್ಕೆ ಬಳಸುವ ಗೋರಿಕಾಯಿಯ ಬಲಿತ ಬೀಜದ ಅಂಟನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ.

ಪಿಷ್ಟಕ್ಕೆ ಇನ್ನೊಂದು ಗುಣವುಂಟು. ನನಗೆ ಎಲ್ಲಕ್ಕಿಂತ ರುಚಿಸುವುದು ಇದು. ಅದುರನ್ನು ಅರೆಯುವಾಗ ಒಂದು ಭಾಗ ಅತಿ ನಯವಾಗಿ, ಒಂದು ಮಿಲಿಮೀಟರಿನ ನೂರನೆಯ ಪಾಲಿಗಿಂತಲೂ ಸಣ್ಣದಾಗಿ ಬಿಡುವುದು. ಅಷ್ಟು ಸಣ್ಣ ಕಣವು ಗುಳ್ಳೆಗೂ ಸಿಕ್ಕದು, ತಳಕ್ಕೂ ಇಳಿಯದು. ಈ ಲೋಳೆಕೆಸರಿನೊಡನೆಯೇ ಕಬ್ಬಿಣದ ದೊಡ್ಡ ಪಾಲು ಹಳ್ಳಕ್ಕೆ ಹೋಗುವುದು. ಹಳ್ಳಿಯ ಕಡೆ ಕೆರೆಯ ಬಗ್ಗಡದ ನೀರನ್ನು ತಿಳಿಮಾಡುವುದಕ್ಕೆ ಚಿಲ್ಲದ ಬೀಜವನ್ನು ಗಡಿಗೆಯ ಒಳಮೈಗೆ ತೇಯುವ ಪದ್ಧತಿಯಿದ್ದಿತು. ಸಂಸ್ಕೃತದಲ್ಲಿ ಕತಕವೆಂದು ಪ್ರಸಿದ್ಧವಾದ ಬೀಜವೇ ಅದು. ಅದರಲ್ಲಿರುವ ಪಾಲಿಮರುಗಳು ಮಣ್ಣಿನ ಕಣಕ್ಕೂ ಕಣಕ್ಕೂ ಸೇತುವೆ ಕಟ್ಟಿ, ಹಲವನ್ನು ಒಂದು ಗೊಂಚಲು ಮಾಡಿ ಇಳಿಸುವುವು. ಪಿಷ್ಟದ ಸರಪಳಿಯೂ ಹಾಗೆಯೇ. ಒಂದು ತುದಿಯಲ್ಲಿ ಒಂದು ಹೆಮಟೈಟ್ ಕಣವನ್ನೂ ಇನ್ನೊಂದು ತುದಿಯಲ್ಲಿ ಮತ್ತೊಂದನ್ನೂ ಹಿಡಿದು ಗೊಂಚಲು ಕಟ್ಟುವುದು. ಬೆಣಚಿನ ಲೋಳೆಯನ್ನು ಮುಟ್ಟದು. ಗೊಂಚಲು ಕೆಳಗಿಳಿಯುವುದು, ಲೋಳೆ ಮೇಲ್ಗಡೆಯಿಂದ ಹರಿದು ಹೋಗುವುದು. ಚಿಲ್ಲದ ಬೀಜವು ಎಲ್ಲವನ್ನೂ ಕೂಡಿಸಿ ಇಳಿಸಿದರೆ, ಇದು ಬೇಕಾದುದನ್ನು ಆರಿಸಿ ಇಳಿಸುತ್ತದೆ. ಅಮೆರಿಕದ ಮಿಷಿಗನ್ ಪ್ರಾಂತದ ಟಿಲ್ಡನ್ ಎಂಬ ಗಣಿಯಲ್ಲಿ 1974ರಿಂದ ಈ ಕ್ರಮವನ್ನು ಅನುಸರಿಸಿ, ಮೊದಲು ಗೊಂಚಲು ಕಟ್ಟಿ ಲೋಳೆಯನ್ನು ಕಳೆದು, ಅನಂತರ ಅಮೀನಿನಿಂದ ಬೆಣಚನ್ನು ತೇಲಿಸಿದರು. ಬ್ರೆಜಿಲ್ ದೇಶದ ಗಣಿಗಳಲ್ಲಿ ಜೋಳದ ಪಿಷ್ಟ ನಿತ್ಯದ ಸಾಮಗ್ರಿ.

ಹಾಗಾದರೆ ಇದೇ ಔಷಧವನ್ನು ಸೊಂಡೂರಿನ ಬೆಟ್ಟಕ್ಕೂ ಕೊಟ್ಟರಾಯಿತಲ್ಲ ಎಂದರೆ, ಅಷ್ಟು ಸುಲಭವಲ್ಲ. ಬ್ರೆಜಿಲಿನ ಅದುರಿಗೆ ಮುಖ್ಯ ಶತ್ರು ಬೆಣಚು. ನಮ್ಮ ಅದುರಿಗೆ ಅದರ ಜೊತೆಗೆ ಜೇಡಿಯೂ ಗಿಬ್ಸೈಟೂ ಶತ್ರುಗಳು. ಇವುಗಳ ಮೈಯಲ್ಲಿರುವ ಅಲ್ಯೂಮಿನಿಯಂ ಪರಮಾಣುಗಳು ಕಬ್ಬಿಣದ ಪರಮಾಣುಗಳ ದಾಯಾದಿಗಳಂತೆ ವರ್ತಿಸಿ ಪಿಷ್ಟವನ್ನು ತಾವೂ ಬರಮಾಡಿಕೊಳ್ಳುವುವು. ಹೊದಿಕೆ ಇಬ್ಬರಿಗೂ ಸಿಕ್ಕಿತೆಂದರೆ ಆರಿಸುವುದು ಹೇಗೆ? ಜೇಡಿಯ ಕಣಗಳು ಗೊಂಚಲಿನೊಳಗೆ ಸಿಕ್ಕಿಕೊಂಡು ಕಬ್ಬಿಣದೊಡನೆಯೇ ಇಳಿಯುವುದೂ ಉಂಟು. ಪಿಷ್ಟ ಹೆಚ್ಚಾದಷ್ಟೂ ಈ ಕೇಡು ಹೆಚ್ಚು. ಕಬ್ಬಿಣವೆಲ್ಲ ಉಳಿಯಲೆಂದು ಕೈ ಸಡಿಲ ಮಾಡಿದರೆ ಮಣ್ಣೂ ಉಳಿಯುವುದು. ಮಣ್ಣು ಹೋಗಲೆಂದು ಕೈ ಬಿಗಿ ಮಾಡಿದರೆ ಕಬ್ಬಿಣವೂ ಹೋಗುವುದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಕೆ. ಎ. ನಟರಾಜನ್ ಅವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಈ ತೊಡಕನ್ನು ಬೇರೊಂದು ದಾರಿಯಿಂದ ಸಮೀಪಿಸಿದರು. ಮಣ್ಣಿನಲ್ಲಿ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯ ತನ್ನ ಸುತ್ತ ಸಕ್ಕರೆಯ ಸರಪಳಿಗಳನ್ನೂ ಸಸಾರಜನಕ ದ್ರವ್ಯಗಳನ್ನೂ ಸ್ರವಿಸುವುದು. ಇವುಗಳಲ್ಲಿ ಸಕ್ಕರೆಯ ಸರಪಳಿ ಹೆಮಟೈಟಿಗೆ ಒಲಿದು ಅದನ್ನು ನೀರಿನಲ್ಲಿ ನಿಲ್ಲಿಸಿದರೆ, ಸಸಾರಜನಕ ದ್ರವ್ಯವು ಬೆಣಚಿಗೆ ಒಲಿದು ಅದನ್ನು ತೇಲುವ ಹಾಗೆ ಮಾಡುವುದೆಂದು ಅವರು ತೋರಿಸಿಕೊಟ್ಟರು. ಪಿಷ್ಟದ ಕೆಲಸವನ್ನೂ ಅಮೀನಿನ ಕೆಲಸವನ್ನೂ ಒಂದೇ ಜೀವಿಯು ಮಾಡಿದಂತಾಯಿತು. ಪ್ರಯೋಗಶಾಲೆಯ ಗಾಜಿನ ಪಾತ್ರೆಗೂ ಗಂಟೆಗೆ ನೂರಾರು ಟನ್ ಅರೆಯುವ ಕಾರ್ಖಾನೆಗೂ ಬಹಳ ದೂರವಿದೆಯೆಂಬುದು ನಿಜ.

ಮನುಷ್ಯನು ತಾನೇ ಮಾಡಿದ ಪಾಲಿಮರುಗಳಿಗೂ ಇಲ್ಲಿ ಸ್ಥಾನವುಂಟು. ಅವುಗಳಲ್ಲಿ ಮುಖ್ಯವಾದುದು ಪಾಲಿಅಕ್ರಿಲಮೈಡ್. ಇದರ ಸರಪಳಿಯನ್ನು ಬೇಕಾದಷ್ಟು ಉದ್ದಕ್ಕೆ, ಬೇಕಾದ ವಿದ್ಯುದ್ಗುಣವಿರುವಂತೆ ಹೆಣೆಯಬಹುದು. ಟನ್ನಿಗೆ ಕೆಲವೇ ಗ್ರಾಂ ಸಾಕು, ಕೆಸರು ಬೇಗ ಇಳಿದು ನೀರು ತಿಳಿಯಾಗುವುದು. ಆ ನೀರನ್ನು ಮತ್ತೆ ಕಾರ್ಖಾನೆಗೆ ತಿರುಗಿಸಬಹುದು. ಬಳ್ಳಾರಿಯಂತಹ ಬಿಸಿಲು ಸೀಮೆಯಲ್ಲಿ ನೀರು ಉಳಿಯುವುದು ಸಣ್ಣ ಮಾತಲ್ಲ. ಕುಡುಮಲಕುಂಟೆಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಇದು ಆರಿಸುವುದರಲ್ಲಿ ಅಷ್ಟು ಚತುರವಲ್ಲ, ಚಿಲ್ಲದ ಬೀಜದಂತೆ ಎಲ್ಲವನ್ನೂ ಇಳಿಸುವುದು. ಅಲ್ಲದೆ ಇದರ ಮೂಲದ್ರವ್ಯವಾದ ಅಕ್ರಿಲಮೈಡ್ ನರಗಳಿಗೆ ವಿಷ. ಪಾಲಿಮರಿನಲ್ಲಿ ಅದರ ಶೇಷ ಉಳಿಯದಂತೆ ನೋಡಿಕೊಳ್ಳಬೇಕು. ಅಮೀನೂ ಮೀನುಗಳಿಗೆ ಒಳ್ಳೆಯದಲ್ಲ. ಪಿಷ್ಟವಾದರೋ ಹೊಳೆಗೆ ಸೇರಿದರೂ ಕೊಳೆತು ಹೋಗುವ ವಸ್ತು. ಆದರೂ ಬಹಳವಾಗಿ ಸೇರಿ ಕೊಳೆತರೆ ನೀರಿನಲ್ಲಿರುವ ಆಮ್ಲಜನಕವನ್ನು ತಿಂದುಹಾಕುವುದು.

ತೇಲಿಸಿ ತೆಗೆದ ಕಸವನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಯೊಂದನ್ನು ಯಾವ ಪಾಲಿಮರೂ ಬಿಡಿಸಲಾರದು. ನೂರು ಟನ್ ಬಡ ಅದುರಿನಿಂದ ಐವತ್ತು ಟನ್ ಒಳ್ಳೆಯದು ಬಂದರೆ ಮಿಕ್ಕ ಐವತ್ತು ಟನ್ ನಯವಾದ ಕೆಸರು. 2015ನೆಯ ಇಸವಿ ನವೆಂಬರ್ 5ರಂದು ಬ್ರೆಜಿಲಿನ ಮಾರಿಯಾನ ಪಟ್ಟಣದ ಬಳಿ ಇಂತಹ ಕೆಸರನ್ನು ತಡೆದು ನಿಲ್ಲಿಸಿದ್ದ ಫುಂಡಾವ್ ಎಂಬ ಕಟ್ಟೆ ಒಡೆದು, ಕೆಳಗಿನ ಹಳ್ಳಿಯನ್ನು ಹೂಳಿತು. 19 ಮಂದಿ ಸತ್ತರು. ಕೆಸರು ದೋಸಿ ನದಿಯ ಉದ್ದಕ್ಕೂ ಇಳಿದು ಸಮುದ್ರವನ್ನು ಸೇರಿತು. ಅದು ಹಿಮ್ಮುಖ ತೇಲಿಕೆಯಿಂದ ಅದುರನ್ನು ಶುದ್ಧಿಮಾಡುತ್ತಿದ್ದ ಗಣಿಯೇ. ಅಲ್ಲಿ ವಿಧಾನದಲ್ಲಿ ತಪ್ಪಿರಲಿಲ್ಲ, ಕಸವನ್ನು ಇಟ್ಟ ರೀತಿಯಲ್ಲಿ ಇದ್ದಿತು. ಕುದುರೆಮುಖದ ಕಸಕ್ಕಾಗಿ ಲಕ್ಯಾ ಹೊಳೆಗೆ ಅಡ್ಡಲಾಗಿ ನೂರು ಮೀಟರಿನ ಸುಮಾರು ಎತ್ತರದ ಕಟ್ಟೆಯನ್ನು ಕಟ್ಟಿದರು. ಗಣಿಯು ನಿಂತರೂ ಕಟ್ಟೆಯು ಕೆಸರನ್ನು ಹೊತ್ತು ಭಾರಿ ಮಳೆಯ ನಾಡಿನಲ್ಲಿ ನಿಂತಿದೆ. ಭದ್ರಾ ನದಿಗೆ ಮಣ್ಣು ಸೇರುವುದೆಂಬುದೇ ಆ ಗಣಿಯ ವಿರುದ್ಧ ಎದ್ದ ಮುಖ್ಯ ಆಕ್ಷೇಪಗಳಲ್ಲಿ ಒಂದು. ಅದೇ ಭದ್ರೆಯ ದಂಡೆಯ ಮೇಲೆ 1923ರ ಕುಲುಮೆ ಹೊತ್ತಿದ್ದಿತು. ಬಡ ಅದುರನ್ನು ಬಳಸುವುದರಿಂದ ಹೊಸ ಬೆಟ್ಟ ಉಳಿಯುವುದೆಂದು ಹೇಳುವವರು ಈ ಲೆಕ್ಕವನ್ನೂ ಜೊತೆಯಲ್ಲಿ ಹೇಳಬೇಕು. ಹಳೆಯ ಗಣಿಗಳ ಕೆಸರಿನ ಹೊಂಡಗಳಲ್ಲಿಯೇ ಇರುವ ಕಬ್ಬಿಣವನ್ನು ಎತ್ತಿಕೊಳ್ಳುವುದಕ್ಕೆ ಪಿಷ್ಟವನ್ನು ಮೊದಲು ಉಪಯೋಗಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ಅಲ್ಲಿ ಅಗೆಯುವ ಖರ್ಚಿಲ್ಲ, ಅರೆಯುವ ಖರ್ಚೂ ಕಡಮೆ. ಹೊಂಡವೂ ಅಷ್ಟರಮಟ್ಟಿಗೆ ಬರಿದಾಗುವುದು.

ಕಡೆಯದಾಗಿ ಅಡಿಗೆಮನೆಯ ಒಂದು ವಿವರ. ಕಾಯಿಸಿದ ಪಿಷ್ಟ ಬಹಳ ಹೊತ್ತು ನಿಲ್ಲುವುದಿಲ್ಲ. ಒಂದೆರಡು ದಿನಗಳಲ್ಲಿಯೇ ಸೂಕ್ಷ್ಮಜೀವಿಗಳು ಹೊಕ್ಕು ಸರಪಳಿಯನ್ನು ತುಂಡುತುಂಡಾಗಿ ಕತ್ತರಿಸುವುವು; ನೋಡುವುದಕ್ಕೆ ಗಂಜಿ ಹಾಗೆಯೇ ಇದ್ದರೂ ಕಬ್ಬಿಣವನ್ನು ಹಿಡಿಯುವ ಶಕ್ತಿ ಇರುವುದಿಲ್ಲ, ಕಬ್ಬಿಣವು ಸದ್ದಿಲ್ಲದೆ ನೊರೆಯೊಡನೆ ಹೊರಟುಹೋಗುವುದು. ಆದಕಾರಣ ಇಂತಹ ಕಾರ್ಖಾನೆಗಳಲ್ಲಿ ಪಿಷ್ಟವನ್ನು ಅಳೆದು, ಸೋಡಾ ಬೆರೆಸಿ, ಕದಡಿ, ಆಗಾಗ್ಗೆ ಹೊಸದಾಗಿ ತಯಾರಿಸುವ ಒಂದು ತೊಟ್ಟಿ ಬೇರೆಯಾಗಿಯೇ ಇರುತ್ತದೆ. ನಿನ್ನೆಯ ಗಂಜಿಯನ್ನು ಅಲ್ಲಿಯೂ ಚೆಲ್ಲುತ್ತಾರೆ.